ಅಜ್ಜನ ಕುರಿಬೇಲಿ

"ಅಜ್ಜಾ, ಅವು ಹಾರ್ತಾನೇ ಇಲ್ಲ!"

ಮೈತೆ ಪಿಕಪ್‌ನ ಕಿಟಕಿಗೆ ಮೂಗು ಒತ್ತಿಕೊಂಡು ಕೂಗಿದಳು. ಬೇಲಿಯುದ್ದಕ್ಕೂ ಜಿಂಕೆಯಂತೆ ಕಾಣುವ ಪ್ರಾಂಗ್‌ಹಾರ್ನ್‌ಗಳ ಹಿಂಡು ಹೊಟ್ಟೆಮಟ್ಟದ ಹಿಮದಲ್ಲಿ ನಿಂತಿತ್ತು. ಕೆಲವು ಆಗಲೇ ಕುಸಿದು ಕೂತಿದ್ದವು. ಬೇಲಿಯಾಚೆಯ ದಿಣ್ಣೆಯಲ್ಲಿ ಗಾಳಿ ಹಿಮವನ್ನೆಲ್ಲ ಗುಡಿಸಿ ಹಾಕಿತ್ತು. ಅಲ್ಲಿ ಮೇಯಲು ಪೊದೆಗಳಿದ್ದವು.

"ಈ ಓಟದ ಮೇಕೆಗಳಿಗೆ ಹಾರೋ ಅಭ್ಯಾಸ ಇಲ್ಲ ಕಣೇ," ಅಂದ ಬೆನ್ಯಾತ್ ಅಜ್ಜ. "ಓಡೋದ್ರಲ್ಲಿ ಗಾಳೀನ ಮೀರಿಸ್ತವೆ. ಬೇಲಿ ಬಂದ್ರೆ ಮಾತ್ರ ಕೆಳಗೆ ನುಸೀತವೆ. ನಮ್ಮದು ಕುರಿಬೇಲಿ, ನೆಲದ ತನಕ ತಂತಿ ಬಲೆ. ಮೊಲಾನೂ ನುಸಿಯಲ್ಲ."

ಅಜ್ಜನಿಗೆ ಆ ಬೇಲಿ ಅಂದರೆ ಪ್ರಾಣ. ಯುರೋಪಿನ ಬಾಸ್ಕ್ ನಾಡಿನಿಂದ ಅಮೆರಿಕದ ವಯೋಮಿಂಗ್‌ಗೆ ಕುರಿ ಕಾಯಲು ಬಂದವನು, ಒಂದೊಂದು ಕಂಬವನ್ನೂ ತಾನೇ ನೆಟ್ಟಿದ್ದ. ಆಮೇಲೆ ನರಿಗಳ ಬಾಯಿಗೆ ಒಂದು ಕುರಿಮರಿಯೂ ಹೋಗಿರಲಿಲ್ಲ.

"ಅವು ಮೇಕೆ ಅಲ್ಲ ಅಜ್ಜ. ಜಿಂಕೆನೂ ಅಲ್ಲ. ಆ ವಂಶದಲ್ಲಿ ಉಳಿದಿರೋದು ಇದೊಂದೇ ಜಾತಿ. ಜಿರಾಫೆ ದೂರದ ನೆಂಟ ಅಂತೆ, ಟೀಚರ್ ಹೇಳಿದ್ರು."

"ಹಾಗಾದ್ರೆ ಆ ನೆಂಟನ್ನೇ ಕರೀಲಿ, ಎತ್ತಿ ದಾಟಿಸ್ತಾನೆ!"

ಮೈತೆ ನಗಲಿಲ್ಲ. "ಬಲೆ ಕತ್ತರಿಸೋಣ."

"ತಲೆ ಕೆಟ್ಟಿದೆಯಾ? ನಿನ್ನ ಕುರಿಮರಿಗಳ ಗತಿ? ಈ ಪ್ರಾಣಿಗಳು ಲಕ್ಷಗಟ್ಟಲೆ ಇದಾವೆ, ಅಳಿವಿನ ಭಯ ಇಲ್ಲ ಅಂತ ನೀನೇ ಓದಿ ಹೇಳ್ಲಿಲ್ವಾ?"

ಹೌದು, ಹೇಳಿದ್ದಳು. 

"ಇಲ್ಲಿರೋವು ಲಕ್ಷ ಅಲ್ವಲ್ಲ ಅಜ್ಜ, ಇವಿಷ್ಟೇ. ದಿನಾ ಸಂಜೆ ನಾನೇ ಮರಿಗಳನ್ನ ದೊಡ್ಡಿಗೆ ಹೊಡೀತೀನಿ. ಆಣೆಗೂ!"

ಅಜ್ಜ ಹಿಂಡಿನತ್ತ ನೋಡಿದ. ಆಮೇಲೆ ಸೀಟಿನ ಹಿಂದಿನಿಂದ ಕಟಿಂಗ್ ಪ್ಲೇಯರ್ ತೆಗೆದುಕೊಂಡು ಕೆಳಗಿಳಿದ.

ಹಿಮ ಬಗೆದು, ಎರಡು ಕಂಬಗಳ ನಡುವೆ ಬಲೆಯ ಕೆಳಭಾಗ ಕತ್ತರಿಸಿ, ಇಬ್ಬರೂ ದೂರ ಸರಿದು ನಿಂತರು. ಮೊದಲು ಒಂದು ಹೆಣ್ಣು ಮೂಸಿ ನೋಡಿತು. ಮಂಡಿಯೂರಿ ನುಸಿಯಿತು. ಅದರ ಹಿಂದೆ ಮಿಕ್ಕವು ಸಾಲಾಗಿ ದಾಟಿದವು.

ಒಂದು ಮರಿ ಮಾತ್ರ ಏಳಲಿಲ್ಲ. ಅದರ ತಾಯಿ ಆಚೆ ನಿಂತು ತಿರುತಿರುಗಿ ನೋಡಿತು. ಕೊನೆಗೆ ಹಿಂಡಿನ ಹಿಂದೆ ಹೋಯಿತು.

ಮೈತೆ ಓಡಿಹೋಗಿ ಮರಿಯನ್ನು ಮುಟ್ಟಿದಳು. ಮೈ ಆಗಲೇ ಸೆಟೆದಿತ್ತು. ಒಂದು ಕಾಲು ಬಲೆಯ ಕಣ್ಣಿನಲ್ಲಿ ಸಿಕ್ಕಿಕೊಂಡಿತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ.

ಅಜ್ಜ ಕೈಗವಸು ಕಳಚಿ, ಬಗ್ಗಿ, ಆ ಕಾಲನ್ನು ಮೆಲ್ಲಗೆ ಬಿಡಿಸಿದ. 

ಹಿಂಡು ದಿಣ್ಣೆ ಹತ್ತಿಯಾಗಿತ್ತು. ಇನ್ನು ದಾಟಲು ಯಾವುದೂ ಉಳಿದಿರಲಿಲ್ಲ. ಆದರೂ ಅಜ್ಜ ಮುಂದಿನ ಕಂಬದ ಹತ್ತಿರ ಹೋಗಿ ಬಲೆ ಕತ್ತರಿಸತೊಡಗಿದ.

ಮೈತೆ ಕಣ್ಣೊರೆಸಿಕೊಂಡು ಹೋಗಿ, ಅವನಿಗೆ ಅನುಕೂಲವಾಗುವಂತೆ ತಂತಿಯನ್ನು ಎಳೆದು ಹಿಡಿದಳು.