ಗ್ಯಾರೇಜಿನ ಹೊಗೆ

ಮಂಗಳವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಬಾಗಿಲ ಕಡೆಗೇ ನೋಡುತ್ತಿದ್ದಳು. ಆಕೆ ಕಾರು ಕಾರ್ಖಾನೆಯೊಂದರಲ್ಲಿ ಹೊಗೆ ತಪಾಸಣೆಯ ಎಂಜಿನಿಯರ್. ತನ್ನ ಕಂಪನಿಯ ಕಾರುಗಳು ತಪಾಸಣೆಯ ಹೊತ್ತಿನಲ್ಲಿ ಮಾತ್ರ ಕಡಿಮೆ ಹೊಗೆ ಬಿಡುವಂತೆ ಮೋಸ ನಡೆದಿದೆ ಎಂದು ವಿಚಾರಣಾ ಸಮಿತಿಗೆ ಬರೆದುಕೊಟ್ಟಿದ್ದಳು. ಬರುವ ಸೋಮವಾರ ಸಮಿತಿಯ ಮುಂದೆ ಸಾಕ್ಷಿ ಹೇಳಬೇಕಿತ್ತು.

ಒಂಬತ್ತಕ್ಕೆ ಆಕೆ ಬಸ್ಸು ಹತ್ತಿದ ಮೇಲೆ ಯಾರೋ ಮನೆಯೊಳಗೆ ಬಂದಿದ್ದರು. ಗ್ಯಾರೇಜಿನಲ್ಲಿದ್ದ ಕಾರನ್ನು ಚಾಲೂ ಮಾಡಿ, ಅಲ್ಲಿಂದ ಮನೆಗೆ ತೆರೆಯುವ ಬಾಗಿಲನ್ನು ತೆಗೆದಿಟ್ಟು ಹೋಗಿದ್ದರು. ಆ ಹೊತ್ತಿಗೆ ದಿನವೂ ವಾಕಿಂಗ್ ಹೋಗುವ ಅತ್ತೆ, ಆಕೆಯ ಗಂಡನ ತಾಯಿ, ಅಂದು ಜ್ವರವೆಂದು ಮಲಗಿದ್ದರು. ಪಕ್ಕದ ಮನೆಯವರು ಕಿಟಕಿ ಒಡೆದು ಹೊರಗೆ ತಂದಾಗ ಅವರಿಗೆ ಪ್ರಜ್ಞೆ ಇರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಹನ್ನೆರಡೂವರೆಗೆ ಇನ್ಸ್‌ಪೆಕ್ಟರ್ ಮತ್ತು ಮಹಿಳಾ ಪೇದೆ ಸ್ಥಳ ಪಂಚನಾಮೆ ಮಾಡಿದರು. ಗೋಡೆಗೆ ಮಸಿ ವಾಸನೆ ಅಂಟಿತ್ತು. ಕಾರಿನ ಗಾಜಿಗೆ ಒಂದು ಚೀಟಿ: ‘ಸೋಮವಾರ ನೆನಪಿರಲಿ.’ ಬೀಗ ಮಾತ್ರ ಮುರಿದಿರಲಿಲ್ಲ.

ಸಂಶಯ ಕಂಪನಿಯ ಮೇಲೇ ಬಿತ್ತು. ಬುಧವಾರ ಕಾರ್ಖಾನೆಯ ಅಧಿಕಾರಿಯನ್ನು ಕೇಳಿದಾಗ ಆತ ಒಂದು ಕಾಗದವನ್ನು ಮೇಜಿನ ಮೇಲಿಟ್ಟ. ಬರೆದದ್ದನ್ನು ಹಿಂತೆಗೆದುಕೊಳ್ಳುವುದಾಗಿ ಆಕೆ ಹಿಂದಿನ ಶನಿವಾರವೇ ರುಜು ಹಾಕಿಕೊಟ್ಟಿದ್ದಳು.

ಬಾಯಿ ಮುಚ್ಚಿದವಳನ್ನು ಕಂಪನಿ ಯಾಕೆ ಹೆದರಿಸೀತು? ಇನ್ಸ್‌ಪೆಕ್ಟರ್ ನೇರ ಆಸ್ಪತ್ರೆಗೆ ಹೋಗಿ, ಅತ್ತೆಯ ಬಳಿ ಕೂತಿದ್ದ ಆಕೆಯನ್ನು ಕೇಳಿದರು.

“ಇದನ್ನ ನಮಗ್ಯಾಕೆ ಹೇಳಲಿಲ್ಲ?”

“ನಾಚಿಕೆ ಆಯ್ತು ಸಾರ್. ಕೆಲಸ ಹೋದ್ರೆ ಅನ್ನೋ ಭಯ.”

“ಬೇರೆ ಯಾರಿಗೆ ಹೇಳಿದ್ರಿ?”

“ಸೋದರಮಾವನಿಗೆ ಮಾತ್ರ.”

“ಅವರ ಹತ್ರ ನಿಮ್ಮನೆ ಕೀಲಿ ಇದೆಯಾ?”

ಆಕೆ ಕೈಚೀಲದಿಂದ ತನ್ನ ಕೀಲಿ ತೆಗೆದು ನೋಡಿ, ಇನ್ನೊಂದು ಅವರ ಹತ್ತಿರವಿದೆ ಎಂದಳು. ಆ ಮಾವನೇ ಅವಳಿಗೆ ಚಿಕ್ಕಂದಿನಲ್ಲಿ ಸ್ಪ್ಯಾನರ್ ಹಿಡಿಯಲು ಕಲಿಸಿದವರು.

ಸಂಜೆ ನಾಲ್ಕಕ್ಕೆ ಅವರ ಶೆಡ್ಡಿನ ಮುಂದೆ ಜೀಪು ನಿಂತಿತು. ಒಳಗೆ ಬೆಂಚಿನ ಮೇಲೆ ಅವರೇ ತಯಾರಿಸಿದ, ಹೊಗೆಯಿಲ್ಲದೆ ಬ್ಯಾಟರಿಯಿಂದ ನಡೆಯುವ ಎಂಜಿನ್ ಸದ್ದಿಲ್ಲದೆ ತಿರುಗುತ್ತಿತ್ತು. ಮಾವ ಅದನ್ನು ನಿಲ್ಲಿಸಿ ಕೈ ಒರೆಸಿಕೊಂಡರು. ಚೀಟಿ ತೋರಿಸಿದಾಗ ಅದನ್ನು ಓದದೆಯೇ ಹಿಂದಕ್ಕೆ ಕೊಟ್ಟರು.

“ಆಯಮ್ಮ ಒಳಗಿದ್ದದ್ದು ಗೊತ್ತಿರಲಿಲ್ಲ. ಬದುಕ್ತಾರಾ?”

“ಕಣ್ಣು ಬಿಟ್ಟಿದ್ದಾರೆ. ಯಾಕ್ ಮಾಡಿದ್ರಿ?”

“ಕಂಪನಿ ಮೇಲೆ ಸಿಟ್ಟು ಬಂದ್ರೆ ಅವಳು ಸಾಕ್ಷಿ ಹೇಳ್ತಾಳೆ ಅಂದ್ಕೊಂಡೆ.”

ನಾಲ್ಕೂ ಇಪ್ಪತ್ತೈದಕ್ಕೆ ಬಂಧನವಾಯಿತು. ಸುದ್ದಿ ಕೇಳಿದ ಸೋದರಸೊಸೆ, ಕಂಪನಿಯವರೇ ಆಗಿದ್ದರೆ ಚೆನ್ನಾಗಿತ್ತು ಎಂದಳು. ಸೋಮವಾರ ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದಳು. ಎರಡು ಸಲ ನೀರು ಕೇಳಿದಳು. ಪೇದೆ ಬಾಗಿಲಲ್ಲೇ ನಿಂತಿದ್ದಳು.

ಆರೋಪಪಟ್ಟಿಯಲ್ಲಿ ಇನ್ಸ್‌ಪೆಕ್ಟರ್ ಕಾರಣವನ್ನು ಹೀಗೆ ಬರೆದರು: ಹದಿನಾಲ್ಕು ವರ್ಷದ ಹಿಂದೆ ಅದೇ ಕಂಪನಿ ಆರೋಪಿ ಕೆಲಸ ಮಾಡುತ್ತಿದ್ದ ಬ್ಯಾಟರಿ ಎಂಜಿನ್ ವಿಭಾಗವನ್ನು ಮುಚ್ಚಿತ್ತು, ಹೊಗೆಯ ಹಗರಣ ಹೊರಬಿದ್ದ ಮೇಲೆಯೇ ಇತರ ಕಂಪನಿಗಳು ಆತನ ಎಂಜಿನ್ ಬಗ್ಗೆ ವಿಚಾರಿಸತೊಡಗಿದ್ದವು, ಸಾಕ್ಷಿ ಹಿಂದೆ ಸರಿದರೆ ತನ್ನ ಎಂಜಿನ್ ರಸ್ತೆಗೆ ಇಳಿಯದೆಯೇ ತಾನು ಸಾಯುವೆನೆಂಬ ಭಯ ಆತನಿಗಿತ್ತು.

ಮರುವಾರ ಶೆಡ್ಡಿಗೆ ಮುದ್ರೆ ಹಾಕಲು ಹೋದ ಪೇದೆಗೆ ಬಾಗಿಲಡಿ ಒಂದು ಲಕೋಟೆ ಸಿಕ್ಕಿತು. ದೊಡ್ಡದೊಂದು ಕಂಪನಿ ಎಂಜಿನ್ ನೋಡಲು ಬರುವುದಾಗಿ ಬರೆದಿತ್ತು. ಅವಳು ಅದನ್ನೂ ಜಪ್ತಿ ಪಟ್ಟಿಗೆ ಸೇರಿಸಿದಳು.