ತಿಳಿನೀರಿನ ಸಾಕ್ಷಿ

ಆಸ್ಪತ್ರೆಯ ತಣ್ಣಗಾದ ಬಾಯ್ಲರಿನ ಬೆಂಕಿ ಬಾಗಿಲು ತೆರೆದು ತಮ್ಮ ಒಳಗೆ ಬಗ್ಗಿದ.

ಅಕ್ಕ ಅವನ ಹೆಗಲ ಮೇಲಿಂದ ಟಾರ್ಚ್ ಹಿಡಿದು ಇಣುಕಿದಳು. ಉರಿ ಹಾಯುವ ದಪ್ಪ ಉಕ್ಕಿನ ಕೊಳವೆ. ಅದರ ನೆತ್ತಿ ಹಿಟ್ಟಿನ ಮುದ್ದೆಯಂತೆ ಮೆತ್ತಗಾಗಿ ಕೆಳಕ್ಕೆ ಜೋತುಬಿದ್ದಿತ್ತು.

“ಉರಿ ಸದ್ದು ಯಾಕೋ ಸರಿಯಿಲ್ಲ ಅನ್ನಿಸ್ತು, ಆರಿಸಿಬಿಟ್ಟೆ,” ಅಂದ ತಮ್ಮ.

“ಆರಿಸದೆ ಇದ್ದಿದ್ರೆ?”

“ನಾವಿಬ್ರೂ ಇರ್ತಿರಲಿಲ್ಲ. ಮೇಲಿನ ವಾರ್ಡೂ ಇರ್ತಿರಲಿಲ್ಲ.”

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಅಕ್ಕ ಮುಖ್ಯಸ್ಥೆ. ಅವಳ ಹೊದಿಕೆಗಳಿಂದ ಹಿಡಿದು ಆಪರೇಷನ್ ಕತ್ತರಿಗಳವರೆಗೆ ಎಲ್ಲವೂ ಶುದ್ಧವಾಗುತ್ತಿದ್ದದ್ದು ತಮ್ಮ ಕುದಿಸಿ ಕಳಿಸುವ ಉಗಿಯಿಂದ. ಈಗ ಪಕ್ಕದ ಚಿಕ್ಕ ಬಾಯ್ಲರ್ ಒಂದೇ ಉಸಿರು ಕಟ್ಟಿ ದುಡಿಯುತ್ತಿತ್ತು. ಆಡಳಿತಾಧಿಕಾರಿ ಬಂದವನೇ ತಮ್ಮನತ್ತ ಬೆರಳು ತೋರಿಸಿದ. “ಬ್ಲೋಡೌನ್ ಮಾಡದೆ ಮಲಗಿದ್ದಾನೆ. ಇವನ ಲೈಸೆನ್ಸ್ ಹೋಗಬೇಕು.”

ಬಾಯ್ಲರ್ ಇನ್ಸ್‌ಪೆಕ್ಟರ್ ಮೇಡಂ ಯಾರ ಮಾತಿಗೂ ತಲೆ ಆಡಿಸಲಿಲ್ಲ. ಬಾಯ್ಲರಿನ ಮೇಲೇರಿ ಮುಚ್ಚಳ ತೆಗೆಸಿ, ಒಳಗೆ ತಲೆ ಹಾಕಿ ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಅಕ್ಕನನ್ನು ಕರೆದರು. “ನೀವೂ ನೋಡಿ.”

ಅಕ್ಕ ನೋಡಿದಳು. ಒಳಗೊಂದು ಗುಹೆ. ಕೊಳವೆಗಳ ಮೇಲೆಲ್ಲ ಹೆಬ್ಬೆರಳು ದಪ್ಪ ಬಿಳಿ ಕಲ್ಲು. ಟಾರ್ಚ್ ಬೆಳಕಿಗೆ ಅದರ ಪದರಗಳು ಮಿನುಗಿದವು.

“ಇಷ್ಟು ಕಲ್ಲು ಎಲ್ಲಿಂದ ಬಂತು ಮೇಡಂ?”

“ನೀರಿಂದ. ಆವಿ ಹೊರಟುಹೋಗುತ್ತೆ, ನೀರಲ್ಲಿ ಕರಗಿದ್ದು ಇಲ್ಲೇ ಉಳಿಯುತ್ತೆ. ಅದಕ್ಕೇ ಔಷಧಿ ಹಾಕಿ ಅದನ್ನ ಕೆಸರು ಮಾಡೋದು, ಕೆಳಗಿನ ವಾಲ್ವ್ ತೆರೆದು ಹೊರಗೆ ಹಾರಿಸೋದು. ಬ್ಲೋಡೌನ್ ಅಂದ್ರೆ ಅದೇ. ಹಾರಿಸದೆ ಹೋದ್ರೆ ಕಲ್ಲಾಗುತ್ತೆ. ಕಲ್ಲಿನ ಹಿಂದಿನ ಉಕ್ಕಿಗೆ ನೀರಿನ ತಂಪು ತಾಕಲ್ಲ, ಕಾದು ಮೆತ್ತಗಾಗುತ್ತೆ.”

ಇಬ್ಬರೂ ಕೆಳಗಿಳಿದ ಮೇಲೆ ಮೇಡಂ ತಮ್ಮನನ್ನು ಕೇಳಿದರು, “ಬ್ಲೋಡೌನ್ ಮಾಡ್ತಿದ್ರಾ?”

“ದಿನಾ ಮಾಡ್ತಿದ್ದೆ ಮೇಡಂ. ಆದ್ರೆ ಕಮ್ಮಿ ಮಾಡಿ ಅಂದ್ರು.”

“ಯಾರು?”

ಆಡಳಿತಾಧಿಕಾರಿ ಕೆಮ್ಮಿದ. “ನಾನೇ. ಬಿಸಿನೀರು ಚೆಲ್ಲಿದ್ರೆ ಅದನ್ನ ಕಾಯಿಸಿದ ಎಣ್ಣೆ ದಂಡ ಅಲ್ವಾ? ಆದ್ರೆ ನೀರು ತಿಳಿಯಾಗಿದೆ ಅಂತ ಕೆಮಿಸ್ಟ್ ಒಪ್ಪಿದ ಮೇಲೇ ಹೇಳಿದ್ದು.”

ನೀರು ಪರೀಕ್ಷಿಸುವ ಕೆಮಿಸ್ಟ್ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಬಾಟಲಿ. “ನೋಡಿ ಮೇಡಂ, ಬೆಳಿಗ್ಗೆ ಚಿಕ್ಕ ಬಾಯ್ಲರಿಂದ ಹಿಡಿದಿದ್ದು. ಎಷ್ಟು ತಿಳಿಯಾಗಿದೆ. ದೊಡ್ಡದರದ್ದೂ ಹೀಗೇ ಇತ್ತು.”

“ಒಳಗೆ ಬನ್ನಿ.”

“ಇಲ್ಲೇ ಇರ್ತೀನಿ, ಪರವಾಗಿಲ್ಲ.”

ಮೇಡಂ ಅವನನ್ನೇ ಒಂದು ಕ್ಷಣ ದಿಟ್ಟಿಸಿದರು. ಬಾಟಲಿ ತೆಗೆದುಕೊಂಡು ಚಿಕ್ಕ ಬಾಯ್ಲರಿನ ಬಳಿ ಹೋಗಿ, ಪರೀಕ್ಷೆಯ ನಲ್ಲಿಯಿಂದ ತಾವೇ ಒಂದು ಗ್ಲಾಸು ನೀರು ಹಿಡಿದರು. ಎರಡಕ್ಕೂ ಒಂದೇ ಸೀಸೆಯಿಂದ ಪರೀಕ್ಷೆಯ ದ್ರವದ ಹನಿ ಹಾಕಿದರು.

ಗ್ಲಾಸಿನ ನೀರು ಕಡುಗುಲಾಬಿಯಾಯಿತು. ಬಾಟಲಿಯ ನೀರು ಹೇಗಿತ್ತೋ ಹಾಗೇ ಇತ್ತು.

“ಒಂದೇ ಬಾಯ್ಲರ್, ಎರಡು ನೀರು. ಹೇಗೆ?”

ಮೇಡಂ ಬಾಟಲಿಯನ್ನು ಎತ್ತಿ ಹಿಡಿದರು.

“ಎಲ್ಲರೂ ಇದು ತಿಳಿಯಾಗಿದೆ ಅಂತ ಸಮಾಧಾನ ಪಟ್ರಿ. ತಿಳಿಯಾಗಿರೋದೇ ತಪ್ಪು. ಕುದಿದು ಕುದಿದು ಬಾಯ್ಲರಿನ ನೀರು ಗಟ್ಟಿ ಆಗ್ತಾ ಹೋಗ್ಬೇಕು. ಔಷಧಿಯ ಕ್ಷಾರ ಇದ್ರೆ ಈ ಹನಿಗೆ ಬಣ್ಣ ಬರ್ಲೇಬೇಕು. ಇದು ಆವಿ ತಣಿದು ಇಳಿದ ನೀರು. ಹೊರಗೆ ಗೋಡೆ ಪಕ್ಕದ ಕೊಳವೆಯಲ್ಲಿ ತೊಟ್ಟಿಕ್ಕುತ್ತಲ್ಲ, ಅಲ್ಲಿಂದ ಹಿಡಿದದ್ದು.” ಮೇಡಂ ಬಾಗಿಲತ್ತ ತಿರುಗಿದರು. “ನೀವು ಈ ಹೊಸ್ತಿಲು ದಾಟಿ ಎಷ್ಟು ಕಾಲ ಆಯ್ತು?”

ಕೆಮಿಸ್ಟ್ ಅಂಗಿಯ ತೋಳು ಮೇಲೆಳೆದ. ಮಣಿಕಟ್ಟಿನಿಂದ ಮೊಣಕೈವರೆಗೆ ಸುಕ್ಕುಗಟ್ಟಿದ ಸುಟ್ಟ ಚರ್ಮ.

“ಆ ನಲ್ಲಿ ಒಂದ್ಸಲ ಸಿಡೀತು,” ಅಂದ. “ಆಮೇಲೆ ಒಳಗೆ ಕಾಲಿಡೋಕೇ ಆಗ್ಲಿಲ್ಲ. ಹೇಳ್ಕೊಳ್ಳೋಕೆ ನಾಚಿಕೆ. ಹೊರಗಿನ ಕೊಳವೆಯಿಂದ ಹಿಡಿದು ಕೊಡ್ತಿದ್ದಿದ್ದು ನಾನೇ.”

ತಮ್ಮ ಅವನ ಮೇಲೆ ಎಗರುತ್ತಾನೆ ಅಂತ ಅಕ್ಕ ಅಡ್ಡ ಬಂದಳು. ತಮ್ಮ ಎಗರಲಿಲ್ಲ.

“ಹೆದರಿಕೆ ನನಗೂ ಇದೆ ಸಾರ್,” ಅಂದ. “ದಿನಾ ಇರುತ್ತೆ. ಅದಕ್ಕೇ ಅದರ ಹತ್ರ ಹೋಗಿ ಸದ್ದು ಕೇಳ್ತೀನಿ. ನೀವು ದೂರ ನಿಂತ್ರಿ.”

ಮೇಡಂ ಅಪ್ಪಣೆಯಂತೆ ಚಿಕ್ಕ ಬಾಯ್ಲರಿನ ಕೆಳಗಿನ ವಾಲ್ವನ್ನು ತಮ್ಮನೇ ತೆರೆದ. ನೆಲ ನಡುಗಿತು. ಆ ನೀರು ಬೀಳುವ ಹೊರಗಿನ ಗುಂಡಿಯಿಂದ ಬಿಳಿ ಮೋಡ ಭೋರ್ಗರೆಯುತ್ತ ಮೇಲೆದ್ದು ವಾರ್ಡಿನ ಕಿಟಕಿಗಳನ್ನೆಲ್ಲ ಮರೆಮಾಡಿತು. ಇಷ್ಟು ವರ್ಷ ಗೋಡೆಯಾಚೆ ಹೊದಿಕೆ ಮಡಚುತ್ತಿದ್ದ ಅಕ್ಕ, ತಮ್ಮ ಎಂಥದ್ದರ ಪಕ್ಕ ಕೂತು ಬುತ್ತಿ ಉಣ್ಣುತ್ತಿದ್ದ ಎಂಬುದನ್ನು ಅವತ್ತೇ ಕಂಡದ್ದು. ಅವಳು ಕಿವಿ ಮುಚ್ಚಿಕೊಳ್ಳುವುದನ್ನೂ ಮರೆತು ನಿಂತಿದ್ದಳು.