ಜೀನಿಲ್ಲದ ಜಿಗಿತ

"ಇವತ್ತಾದ್ರೂ ಕೊಡ್ತೀರೋ ಇಲ್ವೋ?"

ಸವಾರಿ ಶಾಲೆಯ ಟೀಚರ್ ಬಾಗಿಲಲ್ಲಿ ನಿಂತು ಕೇಳಿದಾಗ ಜೀನು ಹೊಲಿಯುವವನು ಕೈಲಿದ್ದ ಸೂಜಿ ಬಿಟ್ಟು ತಟ್ಟನೆ ಎದ್ದು ನಿಂತ. ಅವಳ ಕುದುರೆಯ ಜೀನು ರಿಪೇರಿಗೆ ಬಂದು ಹದಿನೆಂಟು ದಿನವಾಗಿತ್ತು.

"ದಾರ ಬಂದಿಲ್ಲ ಮೇಡಂ."

"ಹೋದ ವಾರ ಚರ್ಮ ಬಂದಿಲ್ಲ ಅಂದ್ರಿ! ನಾಡಿದ್ದು ಸ್ಪರ್ಧೆ. ನಿಮ್ಮನ್ನ ನಂಬ್ಕೊಂಡು ಕೂತ್ರೆ ಆದ ಹಾಗೇ. ಇವತ್ತಿನ ಅಭ್ಯಾಸಕ್ಕೆ ಬರೀ ಬೆನ್ನ ಮೇಲೇ ಹತ್ತಿ ಹಾರಿಸ್ತೀನಿ."

ಓರೆಗಣ್ಣಲ್ಲಿ ಒಮ್ಮೆ ನೋಡಿ, ದುರ್ದಾನ ತೆಗೆದುಕೊಂಡವಳಂತೆ ಹೊರಟೇಹೋದಳು.

ಒಳಗಿನಿಂದ ಅವನ ಅಕ್ಕ ಕೂಗಿದಳು. "ದಾರ ಬಂದಿಲ್ವಂತೆ! ಪೆಟ್ಟಿಗೆ ತುಂಬಾ ಇರೋದು ಮತ್ತೇನೋ, ನನ್ನ ಜಡೆನಾ?"

ಜೀನು ಸಿದ್ಧವಾಗಿ ಹತ್ತು ದಿನವಾಗಿತ್ತು. ಕೊಟ್ಟುಬಿಟ್ಟರೆ ಟೀಚರ್ ಈ ಕಡೆ ತಲೆ ಹಾಕುವುದುಂಟೇ? ದಿನಕ್ಕೆ ಐದು ನಿಮಿಷದ ಆ ಜಗಳಕ್ಕಾಗಿ ಮಹರಾಯ ಹಸಿ ಹಸಿ ಸುಳ್ಳು ಹೇಳುತ್ತಿದ್ದ. ಈಗ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೀರುವಿನಿಂದ ಜೀನು ತೆಗೆದು, ಹೆಗಲಿಗೇರಿಸಿಕೊಂಡು ಓಡಿದ.

ಸವಾರಿ ಶಾಲೆಯ ಮೈದಾನದಲ್ಲಿ ಅವಳು ಆಗಲೇ ಕುದುರೆಯ ಮೇಲಿದ್ದಳು. ತಲೆಗೆ ಹೆಲ್ಮೆಟ್ ಇತ್ತು, ಕೈಯಲ್ಲಿ ಕುದುರೆಯ ಕತ್ತಿನ ಕೂದಲ ಹಿಡಿ ಇತ್ತು. ಆದರೆ ಎದುರಿಗಿದ್ದ ಅಡ್ಡಗೋಲು ಸೊಂಟದೆತ್ತರಕ್ಕಿತ್ತು. ಕೂಗೋಣವೆಂದರೆ ಕುದುರೆ ಬೆದರೀತು. ಅವನು ತುಟಿ ಕಚ್ಚಿ ಬೇಲಿ ಹಿಡಿದು ನಿಂತ.

ಕುದುರೆ ಜಿಗಿಯಿತು. ಅದರ ಬೆನ್ನು ಮೇಲೆದ್ದ ರಭಸಕ್ಕೆ ಅವಳೂ ಮೇಲೆದ್ದಳು. ಪಾದವಿಡಲು ರಿಕಾಪಿನ ಬಳೆಯಿಲ್ಲ, ಕೂರಲು ಹಿಡಿತವಿಲ್ಲ. ಪಕ್ಕಕ್ಕೆ ಜಾರಿ ಮರಳಿನ ಮೇಲೆ ಬಿದ್ದಳು.

ಬೇಲಿ ಹೇಗೆ ದಾಟಿದನೋ ಅವನಿಗೇ ತಿಳಿಯಲಿಲ್ಲ.

"ಏನೂ ಆಗಿಲ್ಲ," ಅವಳು ಮೊಣಕೈ ಒರೆಸಿಕೊಳ್ಳುತ್ತಾ ಎದ್ದಳು. "ಜೀನಿಲ್ದೆ ಹಾರಿಸುವಾಗ ಮೊಣಕಾಲೆತ್ತರ ದಾಟ್ಬೇಡಿ ಅಂತ ಮಕ್ಕಳಿಗೆ ಪಾಠ ಹೇಳೋಳು ನಾನು. ಸಿಟ್ಟಲ್ಲಿ ಏರಿಸಿಬಿಟ್ಟೆ." ಆಗ ಅವಳ ಕಣ್ಣು ಅವನ ಹೆಗಲಿನತ್ತ ಹೋಯಿತು. "ದಾರ ಬಂತಾ?"

"ದಾರ ಇತ್ತು. ಹತ್ತು ದಿನದಿಂದ ರೆಡಿ ಇದೆ. ಕೊಟ್ರೆ ನೀವು ಬರಲ್ಲ ಅಂತ ಬಚ್ಚಿಟ್ಟೆ. ನೀವಂದ್ರೆ ನನಗೆ ಪ್ರಾಣ."

"ಆ ಪ್ರಾಣ ಈಗ ಹೋಗ್ತಿತ್ತು!"

"ಹೌದು," ಎಂದ. ಜೀನನ್ನು ಹೆಗಲಿನಿಂದಿಳಿಸಿ ಅವಳತ್ತ ಚಾಚಿದ.

ಅವಳು ಜೀನು ಕಿತ್ತುಕೊಂಡು ಕುದುರೆಗೆ ಬಿಗಿದಳು. ಒಂದೊಂದು ಹೊಲಿಗೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಅವನು ತಲೆ ತಗ್ಗಿಸಿ ಹೊರಟ.

"ಎಲ್ಲಿಗೆ?"

"ಕೆಲಸ ಮುಗೀತಲ್ಲ ಮೇಡಂ."

"ನನ್ನ ಕೋಪ ಮುಗಿದಿಲ್ಲ. ಮುಗಿಯೋವರೆಗೂ ದಿನಾ ಸಂಜೆ ಬಂದು ಬೈಸ್ಕೋಬೇಕು."

ಅವನು ಅರ್ಥವಾಗದವನಂತೆ ಕಣ್ಣು ಕಣ್ಣು ಬಿಟ್ಟ. "ಎಷ್ಟು ದಿನ ಹಿಡಿಯುತ್ತೆ?"

ಅವಳು ಜೀನಿನ ಮೇಲೆ ಏರಿ ಕುಳಿತಳು. ನಗು ತಡೆದ ತುಟಿ ಒಂದು ಕಡೆ ಕೊಂಕಿತ್ತು.

"ಹೇಳೋಕಾಗಲ್ಲ. ನನ್ನ ಅಮ್ಮ ನಮ್ಮಪ್ಪನ ಮೇಲಿನ ಕೋಪಾನ ನಲವತ್ತು ವರ್ಷದಿಂದ ಮುಗಿಸ್ತಾನೇ ಇದಾಳೆ."